ಕರೆಂಟು ಹೋದಾಗ ಸಿಗುತ್ತಿದ್ದ ಚಿಕಿತ್ಸೆ

ಇದನ್ನು ಓದಿದರೆ ನಿಮ್ಮ ಸೊಂಟನೋವು ಕಡಿಮೆಯಾಗುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ. ಕಡಿಮೆ ಮಾಡಿಕೊಡುತ್ತೇವೆ ಎನ್ನುವವರು ಹೈದರಾಬಾದಿನಲ್ಲಿ ಈಗಾಗಲೇ ಬೇಕಾದಷ್ಟು ಮಂದಿ ಇದ್ದಾರೆ, ಆ ಸಾಲಿಗೆ ನಾನೂ ಸೇರಬೇಕಾಗಿಲ್ಲ. ಆದರೆ ನೀವೂ ನನ್ನ ಹಾಗೆ ಅಂಗಿ ಮೇಲೆತ್ತಿ ಬೋರಲು ಮಲಗಿ, ಬೆನ್ನಿಗೆ ರಬ್ಬರಿನ ಬಿಲ್ಲೆಗಳನ್ನು ಅಂಟಿಸಿಕೊಂಡು, ಹಾಸಿಗೆಯಲ್ಲಿ ಮುಖ ಇಡಲು ಮಾಡಿದ ತೂತಿನಿಂದ ನೆಲದ ಟೈಲ್ಸನ್ನೇ ನೋಡುತ್ತ, ‘ನಾನು ಇಲ್ಲಿ ಏನು ಮಾಡುತ್ತಿದ್ದೇನೆ’ ಎಂದು ಕೇಳಿಕೊಂಡಿದ್ದರೆ, ಆ ಪ್ರಶ್ನೆ ನಿಮಗೊಬ್ಬರಿಗೇ ಬಂದದ್ದಲ್ಲ ಎಂಬುದಾದರೂ ತಿಳಿಯಲಿ.

ಅವು ಸಾಫ್ಟ್‌ವೇರಿನ ಸುಗ್ಗಿಯ ವರ್ಷಗಳು. ಹೈದರಾಬಾದಿನ ಕೊಂಡಾಪುರದ ಕಡೆ ಬಂಡೆ ಸಿಡಿಸಿ ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದರು. ನಾನು ಆ ಸುಗ್ಗಿಗೆ ಸೇರಿದವನಲ್ಲ. ತಾರ್ನಾಕದಲ್ಲಿ ಮನೆ, ಜೀಡಿಮೆಟ್ಲಾದ ಒಂದು ಔಷಧಿ ಕಾರ್ಖಾನೆಯಲ್ಲಿ ಕೆಲಸ. ನನ್ನದು ಗುಣಮಟ್ಟದ ವಿಭಾಗ. ಅಂದರೆ, ಮಾತ್ರೆಯ ಪುಡಿ ತಯಾರಾಗುವ ಪ್ರತಿ ಹಂತಕ್ಕೂ ಹೀಗೇ ಮಾಡಬೇಕೆಂದು ಬರೆದಿಟ್ಟ ವಿಧಾನವೊಂದು ಇರುತ್ತದೆ. ಜನ ಅದರಂತೆ ಮಾಡುತ್ತಿದ್ದಾರೋ ಇಲ್ಲವೋ ನೋಡುವುದು. ಮಾಡುತ್ತಿರುವುದಿಲ್ಲ. ಹಾಗಾಗಿಯೇ ನನ್ನಂಥವರ ಹೊಟ್ಟೆಪಾಡು ನಡೆಯುತ್ತದೆ.

ಈ ಕೆಲಸ ಕುರ್ಚಿಯಲ್ಲಿ ಕೂತು ಆಗುವಂಥದಲ್ಲ. ಪುಡಿ ತಯಾರಾಗುವ ದೊಡ್ಡ ಹಂಡೆಗಳು ಕಬ್ಬಿಣದ ಅಟ್ಟಣಿಗೆಯ ಮೇಲಿರುತ್ತವೆ. ಅಲ್ಲಿಗೆ ಕಬ್ಬಿಣದ ಕಡಿದಾದ ಮೆಟ್ಟಿಲು. ದಿನಕ್ಕೆ ಹಲವು ಸಲ ಹತ್ತಿ, ಹಂಡೆಯ ಪಕ್ಕ ನಿಂತವನ ಹೆಗಲ ಮೇಲಿಂದ ಇಣುಕಿ, ಅವನು ಏನು ತಪ್ಪು ಮಾಡುತ್ತಿದ್ದಾನೆಂದು ಹೇಳಿ ಇಳಿಯುವುದು. ಯಾರಿಗೂ ಬೇಡವಾದ ಮನುಷ್ಯನಾಗಿರುವುದರಲ್ಲಿ ಒಂದು ಸುಖವಿದೆ. ಅದನ್ನು ನಾನು ಇಪ್ಪತ್ತು ವರ್ಷ ಅನುಭವಿಸಿದ್ದೆ.

ಸೊಂಟ ಹಿಡಿದದ್ದು ಟೂತ್‌ಪೇಸ್ಟಿನ ಮುಚ್ಚಳ ಎತ್ತಿಕೊಳ್ಳಲು ಬಗ್ಗಿದಾಗ. ಕಾರ್ಖಾನೆಯಲ್ಲಿ ಮಾತ್ರ ಡ್ರಮ್ಮು ಸರಿಸುವಾಗ ಹಿಡಿಯಿತೆಂದು ಹೇಳಿದೆ. ಮುಚ್ಚಳದಿಂದ ಬಿದ್ದವನಿಗೆ ರಜೆ ಕೊಡುವುದಿರಲಿ, ಮರ್ಯಾದೆಯನ್ನೂ ಯಾರೂ ಕೊಡುವುದಿಲ್ಲ. ಬಚ್ಚಲುಮನೆಯಲ್ಲಿ ಬಗ್ಗಿದವನು ಬಗ್ಗಿದ ಹಾಗೇ ನಿಂತೆ. ನನ್ನ ಹೆಂಡತಿ ಸುಮಿತ್ರಾ ಬಂದು ಬಾಗಿಲಲ್ಲಿ ನೋಡಿದಳು.

“ಏನ್ ಹುಡುಕಾಕತ್ತೀರಿ?”

“ಏನಿಲ್ಲ. ಸೊಂಟ ಹಿಡದದ.”

“ಹಂಗಾರ ಹಿಡಕೊಂಡ ಹೊರಗ ಬರ್ರಿ. ನಾ ಸ್ನಾನಾ ಮಾಡಬೇಕು.”

ನಮ್ಮದು ವಿಜಾಪುರದ ಕಡೆಯ ಮನೆತನ. ಅನುಕಂಪವನ್ನು ಹೀಗೇ ತೋರಿಸುತ್ತೇವೆ. ಮಧ್ಯಾಹ್ನದ ಹೊತ್ತಿಗೆ ಅವಳೇ ಆಟೋ ಕರೆದು ನನ್ನನ್ನು ಮೂಳೆ ಡಾಕ್ಟರ ಹತ್ತಿರ ಕರೆದೊಯ್ದಳು. ಆಟೋ ಏರಿಳಿದ ಪ್ರತಿ ರಸ್ತೆ ಉಬ್ಬಿಗೂ ನಾನು ನರಳಿದೆ. ಚಾಲಕನಂತೂ ಹೆರಿಗೆ ಆಸ್ಪತ್ರೆಗೆ ಬಾಡಿಗೆ ಬಂದಿದ್ದಾನೋ ಎಂಬಂತೆ ಕನ್ನಡಿಯಲ್ಲಿ ನೋಡುತ್ತಿದ್ದ.

ಮೂಳೆ ಡಾಕ್ಟರು ನಮ್ಮ ತಾರ್ನಾಕದವರೇ. ಸ್ವಂತ ಕಟ್ಟಡ. ಮೂರನೇ ಮಹಡಿಯಲ್ಲಿ ಅವರ ಕೋಣೆ, ಎರಡನೆಯದರಲ್ಲಿ ಎಕ್ಸ್‌ರೇ, ಕೆಳಗೆ ಫಿಸಿಯೋಥೆರಪಿ. ರೋಗಿ ಮೇಲಿನಿಂದ ಕೆಳಗೆ ನೀರಿನ ಹಾಗೆ ತಾನೇ ಹರಿದುಕೊಂಡು ಬರುವ ಏರ್ಪಾಡು. ಡಾಕ್ಟರು ನನ್ನ ಸೊಂಟವನ್ನು ಮುಟ್ಟಲಿಲ್ಲ. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಪೆನ್ನಿನ ತುದಿಯಿಂದ ಒಂದು ಕಡೆ ತಟ್ಟಿ, “ಗ್ಯಾಪ್ ತಗ್ಗಿಂದಿ” ಎಂದರು. ಸಂದು ಕಡಿಮೆಯಾಗಿದೆಯಂತೆ. ಭಾರ ಎತ್ತಬಾರದು, ಬಗ್ಗಬಾರದು, ನೆಲದ ಮೇಲೆ ಕೂರಬಾರದು, ಮೆಟ್ಟಿಲು ಹತ್ತಬಾರದು. ಸೊಂಟಕ್ಕೆ ಒಂದು ಪಟ್ಟಿ ಕಟ್ಟಿಕೊಳ್ಳಬೇಕು. ಕೆಳಗೆ ಹೋಗಿ ಮಷೀನು ಹಾಕಿಸಿಕೊಳ್ಳಬೇಕು.

“ಎಷ್ಟು ದಿವಸ ಸಾರ್?” ಎಂದೆ.

“ನೋಡೋಣ” ಎಂದರು. ಈ ನೋಡೋಣ ಎಂಬ ಮಾತನ್ನು ಒಬ್ಬ ಚಿಂತೆಗಾರನಿಗೆ ಹೇಳಬಾರದೆಂದು ವೈದ್ಯಕೀಯ ಕಾಲೇಜಿನಲ್ಲಿ ಯಾಕೆ ಕಲಿಸುವುದಿಲ್ಲವೋ ಕಾಣೆ. ಮನೆಗೆ ಬಂದು ಎಕ್ಸ್‌ರೇಯನ್ನು ಕಿಟಕಿಗೆ ಅಂಟಿಸಿದೆ. ದಿನವೂ ಅದರ ಮುಂದೆ ನಿಂತು ಆ ಸಂದನ್ನು ನೋಡುತ್ತಿದ್ದೆ. ಎರಡು ದಿನದಲ್ಲಿ ಅದು ಇನ್ನಷ್ಟು ಕಿರಿದಾದ ಹಾಗೆ ಕಂಡಿತು. ಎಕ್ಸ್‌ರೇ ಹಾಳೆಯಲ್ಲಿ ಮೂಳೆ ಸವೆಯುವುದಿಲ್ಲ ಎಂದು ಗೊತ್ತಿದ್ದೂ ಕಂಡಿತು.

ಇದರ ನಡುವೆ ಕಾರ್ಖಾನೆಯಿಂದ ಮ್ಯಾನೇಜರು ಫೋನ್ ಮಾಡಿ ಬಹಳ ಪ್ರೀತಿಯಿಂದ ಮಾತಾಡಿದರು. ಮ್ಯಾನೇಜರುಗಳ ಪ್ರೀತಿಗೆ ಹೆದರಬೇಕು. ಮೆಟ್ಟಿಲು ಹತ್ತಲು ಆಗದಿದ್ದರೆ ಪರವಾಗಿಲ್ಲ, ದಾಖಲೆಯ ಕೋಣೆಯಲ್ಲಿ ಒಂದು ಜಾಗ ಖಾಲಿಯಿದೆ ಎಂದರು. ಆ ಕೋಣೆ ನಮಗೆಲ್ಲ ಗೊತ್ತು. ಕಿಟಕಿಯಿಲ್ಲ. ಅಲ್ಲಿಗೆ ಹೋದವರು ವಾಪಸು ಬಂದದ್ದಿಲ್ಲ. ಕೆಲವು ತಿಂಗಳು ಹಳೆಯ ಕಾಗದಕ್ಕೆ ದಾರ ಕಟ್ಟಿ, ಆಮೇಲೆ ತಾವಾಗಿಯೇ ನಿವೃತ್ತಿ ಬರೆದುಕೊಡುತ್ತಾರೆ. ಬೇಡ, ನಾನು ಮೇಲೆಯೇ ಬರುತ್ತೇನೆ ಎಂದೆ. ಹಾಗಾದರೆ ಮೆಟ್ಟಿಲು ಹತ್ತಬಲ್ಲಿರಿ ಎಂದು ಯಾರಾದರೂ ಬರೆದು ಸಹಿ ಹಾಕಿಕೊಡಲಿ, ಬೇಸಿಗೆ ಮುಗಿಯುವುದರೊಳಗೆ, ಎಂದರು. ಈ ಸಹಿಯನ್ನು ಹುಡುಕಿಕೊಂಡು ಹೋದ ಕಥೆಯೇ ನನ್ನ ಕಾಯಿಲೆಯ ಕಥೆ. ನೋವು ಅದರ ಒಂದು ಸಣ್ಣ ಭಾಗ.

ಫಿಸಿಯೋಥೆರಪಿಯ ಕಾಯುವ ಕೋಣೆಯಲ್ಲಿ ಒಂದು ಮೀನಿನ ತೊಟ್ಟಿಯಿತ್ತು. ಅದರ ಪಕ್ಕದ ಗೋಡೆಗೆ ಗಾಜು ಹಾಕಿಸಿದ ಬಣ್ಣದ ಚಿತ್ರಪಟವೊಂದನ್ನು ತೂಗುಹಾಕಿದ್ದರು. ಯಾವುದೋ ಔಷಧಿ ಕಂಪನಿಯವರು ಕೊಟ್ಟದ್ದಿರಬೇಕು. ಸೊಂಟನೋವಿನ ಚಿಕಿತ್ಸೆಗೆ ತಜ್ಞರು ಒಪ್ಪಿದ ಮಾರ್ಗಸೂಚಿ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಕಾಯುವವನಿಗೆ ಬೇರೆ ಕೆಲಸವೇನು, ಓದಿದೆ. ಸಾಮಾನ್ಯವಾದ ಸೊಂಟನೋವಿಗೆ ಮೊದಲೇ ಎಕ್ಸ್‌ರೇ ತೆಗೆಯಬೇಡಿ. ಮಲಗಿಸಬೇಡಿ. ನಡೆಯಲು ಹೇಳಿ, ಕೆಲಸಕ್ಕೆ ಕಳಿಸಿ. ವ್ಯಾಯಾಮ ಮಾಡಿಸಿ. ಬಿಸಿ, ಕರೆಂಟು, ಎಳೆತ ಇತ್ಯಾದಿ ಮಷೀನುಗಳನ್ನು ನೆಚ್ಚಿಕೊಳ್ಳಬೇಡಿ. ಹೆದರಿಸಬೇಡಿ.

ಈ ಪಟದ ಕೆಳಗೆ, ಎಕ್ಸ್‌ರೇ ಹಿಡಿದು, ಪಟ್ಟಿ ಕಟ್ಟಿ, ಹೆದರಿಕೊಂಡು, ಮಷೀನಿಗೆ ಕಾಯುತ್ತ ಹತ್ತು ಮಂದಿ ಕೂತಿದ್ದೆವು.

ನನಗೆ ಆಶ್ಚರ್ಯವೇನೂ ಆಗಲಿಲ್ಲ. ನಮ್ಮ ಕಾರ್ಖಾನೆಯಲ್ಲೂ ಯಾವ ವಿಧಾನವನ್ನು ಯಾರೂ ಪಾಲಿಸುವುದಿಲ್ಲವೋ ಅದಕ್ಕೇ ಗಾಜು ಹಾಕಿಸುತ್ತಾರೆ.

ಫಿಸಿಯೋಥೆರಪಿಸ್ಟ್ ಬೀದರಿನ ಹುಡುಗಿ, ಸಂಗೀತಾ. ಮೂವತ್ತರ ಆಸುಪಾಸು, ಬಿಗಿದ ಜಡೆ, ಬಿಳಿ ಕೋಟಿನ ಜೇಬಿನಲ್ಲಿ ಮೊಣಕಾಲು ತಟ್ಟುವ ಸುತ್ತಿಗೆ. ನನ್ನ ಹೆಸರು ನೋಡಿ ಕನ್ನಡದಲ್ಲೇ ಮಾತಾಡಿಸಿದಳು. ಮೊದಲ ದಿನ ನನ್ನನ್ನು ನಿಲ್ಲಿಸಿ, ಬಗ್ಗಿಸಿ, ಕಾಲೆತ್ತಿಸಿ, ಸುತ್ತಿಗೆಯಿಂದ ತಟ್ಟಿ, ಕಾಲು ಜೋಮು ಹಿಡಿಯುತ್ತದೆಯೇ, ಮೂತ್ರದ ಹಿಡಿತ ತಪ್ಪಿದೆಯೇ ಎಂದೆಲ್ಲ ಕೇಳಿದಳು. ಇಲ್ಲ ಎಂದೆ. ಅವಳು ಕೇಳಿದ ಮರುಕ್ಷಣದಿಂದ ಎರಡೂ ಕಾಲು ಜೋಮು ಹಿಡಿಯತೊಡಗಿದವು, ಅದು ಬೇರೆ ಮಾತು.

“ಅಂಥಾದ್ದೇನೂ ಆಗಿಲ್ಲ ಬಿಡ್ರಿ” ಎಂದಳು. “ಹಿಡದಿರೋದು ತಾನ ಬಿಡ್ತದ. ಅಡ್ಡಾಡ್ರಿ. ನಾಕ್ ಎಕ್ಸರ್‌ಸೈಜ್ ತೋರಸ್ತೀನಿ.”

ಸಂತೋಷಪಡಬೇಕಾದ ಮಾತು. ಆದರೆ ನಾನು ನಿಧಾನಕ್ಕೆ ಕೋಣೆಯ ಸುತ್ತ ಕಣ್ಣಾಡಿಸಿ, “ಮಷೀನ್ ಹಾಕಂಗಿಲ್ಲೇನ್ರಿ?” ಎಂದೆ.

ಅವಳು ನನ್ನನ್ನು ನೋಡಿದ ರೀತಿಯಲ್ಲಿ ಸಿಟ್ಟಿರಲಿಲ್ಲ. ಮಳೆ ಬರಬಹುದು ಅಂದುಕೊಂಡಿದ್ದವರು ಮಳೆ ಬಂದಾಗ ನೋಡುವಂತೆ ನೋಡಿ, ಗಾಲಿಯ ಮೇಲಿನ ಮಷೀನನ್ನು ಎಳೆದುಕೊಂಡು ಬಂದಳು.

ಹೀಗೆ ಶುರುವಾಯಿತು. ಬೆನ್ನಿಗೆ ಬಿಲ್ಲೆ ಅಂಟಿಸಿ, ಗುಂಡಿ ತಿರುಗಿಸಿ, “ಇರುವಿ ಹರದಂಗ ಆಗ್ತದ, ಹೆದರಬ್ಯಾಡ್ರಿ” ಎಂದು ಹೇಳಿ ಪಕ್ಕದ ಹಾಸಿಗೆಗೆ ಹೋಗುತ್ತಿದ್ದಳು. ಅಲ್ಲಿ ಒಬ್ಬರ ಕುತ್ತಿಗೆಗೆ ಬಿಸಿ. ಅದರಾಚೆ ಒಬ್ಬರ ಮೊಣಕಾಲಿಗೆ ಬಿಸಿ ಮೇಣದ ಲೇಪ. ಕೊನೆಯ ಹಾಸಿಗೆಯಲ್ಲಿ ಸೊಂಟವನ್ನು ಮೋಟರಿನಿಂದ ಎಳೆಯುವ ಯಂತ್ರ. ಸಮಯ ಮುಗಿದಾಗ ಮಷೀನುಗಳು ಒಂದೊಂದಾಗಿ ಕೀರಲು ದನಿಯಲ್ಲಿ ಕೂಗುತ್ತಿದ್ದವು, ಅವಳು ಓಡುತ್ತಿದ್ದಳು. ಮದುವೆ ಮನೆಯ ಅಡುಗೆಯವರೂ ಇಷ್ಟು ಒಲೆಗಳನ್ನು ಒಟ್ಟಿಗೆ ನೋಡುವುದಿಲ್ಲ.

ವಾರಗಳಾದವು. ಮಷೀನಿನ ಕೆಳಗೆ ಹಿತವೆನಿಸುತ್ತಿತ್ತು. ಮನೆಗೆ ಬರುವಷ್ಟರಲ್ಲಿ ನೋವು ನನಗಿಂತ ಮೊದಲೇ ಬಂದು ಕೂತಿರುತ್ತಿತ್ತು. ಈ ಮಧ್ಯೆ ನಾನು ಏನೂ ಎತ್ತದ, ಎಲ್ಲೂ ಬಗ್ಗದ, ಹಾಸಿಗೆಯಿಂದ ಏಳುವಾಗ ಮೊದಲು ಎಡಕ್ಕೆ ಹೊರಳಿ, ಆಮೇಲೆ ಕಾಲಿಳಿಸಿ, ಆಮೇಲೆ ದೇವರ ಹೆಸರು ಹೇಳುವ ಒಬ್ಬ ಮನುಷ್ಯನಾಗಿದ್ದೆ. ಕೈಯಿಂದ ಪೇಪರ್ ಬಿದ್ದರೂ ಸುಮಿತ್ರಾಳನ್ನು ಕರೆಯುತ್ತಿದ್ದೆ.

“ನಿಮಗ ಸೊಂಟಕಿಂತಾ ತಲೀಗೇ ಬ್ಯಾನಿ ಹತ್ತೇದ” ಎನ್ನುತ್ತಿದ್ದಳು ಪೇಪರ್ ಎತ್ತಿಕೊಡುತ್ತ. “ಗಾಜಿನ ಸಾಮಾನ ಇದ್ದಂಗ ಇದ್ದೀರಿ. ಎಲ್ಲಿ ಇಡಬೇಕೋ ತಿಳೀವಲ್ದು.”

ಕೊನೆಗೆ ಕೊಂಡಾಪುರದ ಕೈರೋಪ್ರಾಕ್ಟರ್ ಹತ್ತಿರ ಹೋದೆ. ಪರದೇಶದಲ್ಲಿ ಕಲಿತು ಬಂದವನು, ಬರಿಗೈಯಿಂದ ಬೆನ್ನೆಲುಬನ್ನು ಜಾಗಕ್ಕೆ ಕೂರಿಸುತ್ತಾನೆ ಎಂದು ಎದುರು ಮನೆಯವರು ಹೇಳಿದ್ದರು. ಅಲ್ಲಿಯ ಕಾಯುವ ಕೋಣೆಯಲ್ಲಿ ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ಹುಡುಗ ಹುಡುಗಿಯರು ಕುತ್ತಿಗೆ ಓರೆ ಮಾಡಿಕೊಂಡು ಕೂತಿದ್ದರು. ಹಗಲೆಲ್ಲ ಕಂಪ್ಯೂಟರು ನೋಡಿ ಕುತ್ತಿಗೆ ಹಿಡಿದವರು, ಇಲ್ಲೂ ಮೊಬೈಲು ನೋಡುತ್ತ ಕುತ್ತಿಗೆ ಹಿಡಿಸಿಕೊಳ್ಳುತ್ತಿದ್ದರು. ಸಣ್ಣಗೆ ಕೊಳಲು. ನಿಂಬೆಹಣ್ಣು ಹಾಕಿದ ನೀರು. ಐವತ್ತು ದಾಟುತ್ತಿದ್ದ ನಾನು, ಸೊಂಟದ ಪಟ್ಟಿ ಅಂಗಿಯ ಮೇಲೆ ಕಾಣುವಂತೆ, ಅವರ ಭವಿಷ್ಯದ ಹಾಗೆ ನಡುವೆ ಕೂತೆ. ಯಾರೂ ನನ್ನ ಕಡೆ ನೋಡಲಿಲ್ಲ.

ಈತ ಮತ್ತೆ ಎಕ್ಸ್‌ರೇ ತೆಗೆಸಿದ. ಅದರ ಮೇಲೆ ಕೆಂಪು ಗೆರೆ ಎಳೆದ. ನನ್ನ ಸೊಂಟ ಎಡಕ್ಕೆ ಜಾರಿದೆಯಂತೆ. ಮೂಳೆ ಡಾಕ್ಟರಿಗೆ ಸಂದು ಕಂಡಿತ್ತು, ಜಾರಿದ್ದು ಕಂಡಿರಲಿಲ್ಲ. ಈತನಿಗೆ ಜಾರಿದ್ದು ಕಂಡಿತು, ಸಂದಿನ ಬಗ್ಗೆ ಮಾತಿಲ್ಲ. ಮಲಗಿಸಿ, ತಿರುಚಿ, ಮೇಲೆ ಬಿದ್ದ. ಲಟಕ್ ಎಂದಿತು. “ಸುನಾ?” ಎಂದ. ಕೇಳಿಸಿತು. ಒಂದು ಗಂಟೆ ನಾನು ನಿಜವಾಗಿ ಹಗುರಾಗಿದ್ದೆ. ಆ ಹಗುರಿನ ನಂಬಿಕೆಯಲ್ಲಿ ಇನ್ನೂ ಹಲವು ಸಲ ಹೋದೆ. ಪ್ರತಿ ಸಲ ಲಟಕ್, ಪ್ರತಿ ಸಲ ಒಂದು ಗಂಟೆ.

ಒಂದು ದಿನ ತಾರ್ನಾಕದ ಗೋಡೆಯ ಪಟದ ವಿಷಯ ಎತ್ತಿದೆ. ಹೀಗೆ ಬರೆದಿದ್ದಾರಲ್ಲ, ಮೊದಲೇ ಎಕ್ಸ್‌ರೇ ಬೇಡ, ರೋಗಿಯೇ ವ್ಯಾಯಾಮ ಮಾಡಲಿ ಎಂದು?

ಅವನು ನಕ್ಕ. ಒಳ್ಳೆಯ ಹಲ್ಲುಗಳು. “ಸರ್, ವೋ ಸಬ್ ಜನರಲ್ ಪಬ್ಲಿಕ್ ಕೆ ಲಿಯೆ ಹೈ. ಆಪ್ ಕಾ ಸ್ಪೈನ್ ಯೂನಿಕ್ ಹೈ.”

ಅದೆಲ್ಲ ಸಾಮಾನ್ಯ ಜನಕ್ಕೆ, ನಿಮ್ಮ ಬೆನ್ನೆಲುಬು ಬೇರೆ. ನಾನು ಮೇಲೆದ್ದು ಅಂಗಿ ಹಾಕಿಕೊಂಡೆ. ಈ ಮಾತನ್ನು ನಾನು ಇಪ್ಪತ್ತು ವರ್ಷದಿಂದ ಕೇಳುತ್ತ ಬಂದಿದ್ದೆ. ಹಂಡೆಯ ಪಕ್ಕ ನಿಂತವನನ್ನು, ವಿಧಾನದಲ್ಲಿ ಇಷ್ಟೇ ಬಿಸಿ ಎಂದು ಬರೆದಿದೆ, ನೀನು ಯಾಕೆ ಹೆಚ್ಚು ಮಾಡಿದೆ ಎಂದು ಕೇಳಿದರೆ ಅವನು ಹೇಳುವುದು ಒಂದೇ: “ಈ ಬ್ಯಾಚ್ ವೇರೆ ಸಾರ್.” ಪ್ರತಿ ಬ್ಯಾಚೂ ಬೇರೆ. ಬೇರೆಯಲ್ಲದ ಒಂದು ಬ್ಯಾಚನ್ನು ನಾನು ಈ ಸರ್ವೀಸಿನಲ್ಲಿ ಕಂಡಿಲ್ಲ. ಈಗ ನಾನೇ ಬೇರೆ ಬ್ಯಾಚ್ ಆಗಿದ್ದೆ. ಹೇಳಲು ನಾಚಿಕೆ, ಕ್ಷಣಕಾಲ ಹೆಮ್ಮೆಯೂ ಆಯಿತು.

ಮತ್ತೆ ತಾರ್ನಾಕಕ್ಕೇ ಬಂದೆ. ಬೇಸಿಗೆ ಏರಿತ್ತು. ಊರಿಗೆಲ್ಲ ಕರೆಂಟು ಕಡಿತ. ಯಾವ ಬಡಾವಣೆಗೆ ಯಾವ ಹೊತ್ತು ಎಂದು ಪತ್ರಿಕೆಯಲ್ಲಿ ಬರುತ್ತಿತ್ತು. ಗಾಜಿನ ಕಟ್ಟಡಗಳಿಗೆ ಕಡಿತ ತಾಗುತ್ತಿರಲಿಲ್ಲ, ನಮಗೆ ತಾಗುತ್ತಿತ್ತು. ಒಂದು ಮಧ್ಯಾಹ್ನ ನಾನು ಬೋರಲು ಮಲಗಿದ್ದಾಗಲೇ ಬೆನ್ನ ಮೇಲಿನ ಇರುವೆಗಳು ಒಮ್ಮೆಲೇ ನಿಂತುಬಿಟ್ಟವು. ಫ್ಯಾನೂ ನಿಂತಿತು. ಪಕ್ಕದ ಹಾಸಿಗೆಯವರು ಗೊಣಗುತ್ತ ಎದ್ದು ಹೋದರು. ನಾನೂ ಏಳಹೊರಟೆ.

“ನೀವ್ ಎಲ್ಲಿ ಹೊಂಟ್ರಿ?” ಎಂದಳು ಸಂಗೀತಾ. ಮೊದಲ ಸಲ ಅವಳು ಕುರ್ಚಿಯ ಮೇಲೆ ಕೂತದ್ದನ್ನು ಕಂಡೆ. “ಕರೆಂಟ್ ಬರಾಕ ಇನ್ನೂ ಟೈಮ್ ಐತಿ. ಬರ್ರಿ, ಒಂದೀಟು ಕೆಲಸಾ ಮಾಡೂಣು.”

ಮೂಲೆಯಲ್ಲಿ ಹಳೆಯ ಕಾಲದ ಎಳೆತದ ಹಾಸಿಗೆಯಿಂದ ಉಳಿದ ಕಬ್ಬಿಣದ ತೂಕದ ಬಿಲ್ಲೆಗಳು ಬಿದ್ದಿದ್ದವು. ಒಂದನ್ನು ಕಾಲಿನಿಂದ ನನ್ನ ಮುಂದಕ್ಕೆ ತಳ್ಳಿದಳು. “ಎತ್ರಿ.”

“ನಾನೇನ್ರಿ?”

“ಮತ್ಯಾರು, ತೊಟ್ಟ್ಯಾಗಿನ ಮೀನೇನು?”

ಪಟ್ಟಿ ಬಿಚ್ಚಿಸಿದಳು. ಹೆದರಿ ಬೆವರಿದೆ. ಬಗ್ಗಿ ಎತ್ತಿದೆ. ನೋವು ಬಂತು. ಬಂದದ್ದು ಹೋಗಲಿಲ್ಲ, ಆದರೆ ನಾನು ನಿರೀಕ್ಷಿಸಿದ್ದ ಬೇರೆ ಯಾವುದೂ, ಅಂದರೆ ಬೆನ್ನೆಲುಬು ಕಳಚಿ ಕೆಳಗೆ ಬೀಳುವುದು, ಆಗಲಿಲ್ಲ. “ನೋವಾತೇನು?” ಎಂದಳು. ಹೌದೆಂದೆ. “ಆಗ್ಲಿ. ನೋವಾತಂದ್ರ ಮುರೀತಂತ ಅಲ್ಲ. ಇನ್ನೊಮ್ಮೆ.” ಆಮೇಲೆ ಕುರ್ಚಿಯಿಂದ ಏಳುವುದು, ಕೂರುವುದು. ಲಿಫ್ಟು ನಿಂತಿತ್ತಲ್ಲ, ಮೂರನೇ ಮಹಡಿಯವರೆಗೆ ಮೆಟ್ಟಿಲು ಹತ್ತಿಸಿದಳು. ಹತ್ತಬಾರದೆಂದು ಹೇಳಿದ ಡಾಕ್ಟರ ಕೋಣೆಯ ಬಾಗಿಲು ಮುಟ್ಟಿ ಇಳಿದು ಬಂದೆವು.

ಮರುದಿನ ಪತ್ರಿಕೆ ನೋಡಿ ಕರೆಂಟು ಹೋಗುವ ಹೊತ್ತಿಗೇ ಸರಿಯಾಗಿ ಹೋದೆ. ಆಮೇಲೆ ಅದೇ ನನ್ನ ರೂಢಿಯಾಯಿತು. ಬೇರೆ ರೋಗಿಗಳು ಕರೆಂಟು ಇರುವಾಗ ಬರುತ್ತಿದ್ದರು, ನಾನು ಅದು ಹೋದಾಗ. ಆ ಗೋಡೆಯ ಮಾರ್ಗಸೂಚಿ ಆ ಕಟ್ಟಡದಲ್ಲಿ ಜಾರಿಯಲ್ಲಿದ್ದದ್ದು ಆ ಹೊತ್ತಿನಲ್ಲಿ ಮಾತ್ರ. ವಿದ್ಯುತ್ ಇಲಾಖೆಯವರು ತಮಗೇ ಗೊತ್ತಿಲ್ಲದೆ ಜನರ ಸೊಂಟ ನೆಟ್ಟಗೆ ಮಾಡುತ್ತಿದ್ದರು.

ನೋವು ಇಳಿಯತೊಡಗಿತು. ಅದು ಇಳಿದಷ್ಟೂ ನನಗೆ ಸಂಗೀತಾಳ ಮೇಲೆ ಸಿಟ್ಟು ಏರಿತು. ಗೊತ್ತಿಲ್ಲದೆ ತಪ್ಪು ಮಾಡುವವರನ್ನು ನಾನು ಕಾರ್ಖಾನೆಯಲ್ಲಿ ಕ್ಷಮಿಸುತ್ತೇನೆ. ಸರಿ ಯಾವುದೆಂದು ಗೊತ್ತಿದ್ದೂ ಮಾಡದವರ ಬಗ್ಗೆ ನನಗೆ ಇರುವುದು ಅಪ್ಪಟ ತಿರಸ್ಕಾರ. ಒಂದು ಮಧ್ಯಾಹ್ನ ಬಿಲ್ಲೆ ಕೆಳಗಿಟ್ಟು ಕೇಳಿಯೇಬಿಟ್ಟೆ.

“ಇದು ನಿಮಗ ಮೊದಲೇ ಗೊತ್ತಿತ್ತಲ್ರಿ. ಮತ್ಯಾಕ ಅಷ್ಟ್ ವಾರ ನನ್ನ ಬೆನ್ನಿಗೆ ಇರುವಿ ಬಿಟ್ರಿ?”

“ಮೊದಲನೇ ದಿನಾ ಹೇಳಿದ್ನಿಲ್ರಿ ನಾ? ಮಷೀನ್ ಹಾಕಂಗಿಲ್ಲೇನು ಅಂದವ್ರ್ ಯಾರು?”

“ನಾ ಪೇಷಂಟ್. ನಾ ಏನರ ಅಂತೀನಿ. ನೀವು ಕೇಳಬೇಕಂತ ಐತೇನು?”

ಅವಳು ಜಡೆಯನ್ನು ಹಿಂದಕ್ಕೆ ಎಸೆದಳು. “ಕೇಳಬೇಕ್ರಿ. ಮ್ಯಾಲಿನವರು ಚೀಟಿ ಬರದು ಕಳಸ್ತಾರ, ಇಂಥಾ ಮಷೀನ್ ಹಾಕು ಅಂತ. ನಾ ಹಾಕಲಿಲ್ಲಂದ್ರ ಪೇಷಂಟ್ ಮ್ಯಾಲೆ ಹೋಗಿ, ಆ ಮೇಡಂ ಏನೂ ಮಾಡಲಿಲ್ಲ, ಬರೇ ಮಾತಾಡಿ ಕಳಿಸಿದ್ಲು ಅಂತಾರ. ಬರೇ ಮಾತು. ಮಾತಾಡಾಕ ಅರ್ಧ ತಾಸು ಬೇಕು, ಅದೊಂದು ಕೆಲಸಂತ ಯಾರ್ ಹಿಡೀತಾರ? ಹಾಸಿಗಿ ನಾಕು ಅದಾವು, ನಾ ಒಬ್ಬಾಕಿ. ಮಷೀನ್ ಹಚ್ಚಿದ್ರ ನಾಕೂ ಮಂದಿ ಸುಮ್ಮ ಮಕ್ಕೋತಾರ. ನಿಮ್ಮಂಥಾವ್ರ ಮುಂದ ಕುಂತು ಹೆದರಬ್ಯಾಡ್ರಿ ಹೆದರಬ್ಯಾಡ್ರಿ ಅನ್ಕೋತ ಕುಂತ್ರ ಒಬ್ಬರೂ ಮುಗಿಯಂಗಿಲ್ಲ.”

“ಗ್ವಾಡಿ ಮ್ಯಾಲೆ ಬರದದ್ದು?”

“ಅದನ್ನ ಬರದವ್ರು ಒಮ್ಮಿ ಇಲ್ಲಿ ಬಂದು ನಿಂದರಲಿ. ಏನೂ ಆಗಿಲ್ಲ, ಹೋಗ್ರಿ ಕೆಲಸಾ ಮಾಡ್ರಿ ಅಂತ ಹೇಳಿ ಕಳಿಸಿದ ಮ್ಯಾಲೆ, ನಾಳಿಗೆ ಆ ಪೇಷಂಟಿಗೆ ಏನರ ಆತಂದ್ರ, ಬೈಸ್ಕೊಳ್ಳೋದು ಯಾರು? ಮಷೀನ್ ಹಾಕಿದ ಮ್ಯಾಲೆ ಆತಂದ್ರ ಯಾರೂ ಬೈಯಂಗಿಲ್ಲ. ಎಲ್ಲಾ ಮಾಡಿದ್ರು ಪಾಪ, ಅಂತಾರ.”

ಅವಳು ಹೇಳಿದ್ದರಲ್ಲಿ ಅರ್ಧ ನೆಪ, ಅರ್ಧ ನಿಜ, ಮತ್ತು ನಮ್ಮ ಹಂಡೆಯವರು ಹೇಳುವುದೂ ಇದೇ ಪ್ರಮಾಣದಲ್ಲಿರುತ್ತದೆ. ವ್ಯತ್ಯಾಸವೆಂದರೆ, ಅಲ್ಲಿ ನಾನು ತಪಾಸಣೆ ಮಾಡುವವನು. ಇಲ್ಲಿ ನಾನು ಹಂಡೆಯೊಳಗಿನ ಪುಡಿ.

ಬೇಸಿಗೆ ಮುಗಿಯುತ್ತ ಬಂದಾಗ ಮೂಳೆ ಡಾಕ್ಟರು ಜನರೇಟರ್ ತಂದರು. ಕಟ್ಟಡದ ಹಿಂದೆ ಅದು ಗುಡುಗತೊಡಗಿದ ದಿನ ಲಿಫ್ಟು ಓಡಿತು, ಮೀನಿನ ತೊಟ್ಟಿಯಲ್ಲಿ ಗುಳ್ಳೆ ಎದ್ದವು, ನಾಲ್ಕೂ ಹಾಸಿಗೆಗಳು ತುಂಬಿದವು. ನಾನು ನನ್ನ ಹೊತ್ತಿಗೆ ಸರಿಯಾಗಿ ಹೋಗಿ ಕಬ್ಬಿಣದ ಬಿಲ್ಲೆಗಳ ಕಡೆ ನೋಡಿದೆ. ಅವಳು ಮೇಣದ ಪಾತ್ರೆ ಹಿಡಿದು ಹಾದುಹೋಗುತ್ತ, “ಮನ್ಯಾಗ ಮಾಡ್ರಿ. ಈಗ ನನಗ ಟೈಮ್ ಇಲ್ಲ” ಎಂದಳು.

ಮನೆಯಲ್ಲಿ ಮಾಡಿದೆ. ಅಕ್ಕಿಯ ಚೀಲ ಎತ್ತುವುದನ್ನು ನೋಡಿ ಸುಮಿತ್ರಾ ಮೊದಲ ದಿನ ಕೂಗಿಕೊಂಡಳು. ಎರಡನೆಯ ದಿನ, “ಹ್ಯಾಂಗೂ ಎತ್ತಾಕತ್ತೀರಿ, ಆ ನೀರಿನ ಕ್ಯಾನ್‌ಗಳನ್ನೂ ಒಳಗ ಇಡ್ರಿ” ಎಂದಳು.

ಉಳಿದದ್ದು ಸಹಿ. ಮೂಳೆ ಡಾಕ್ಟರ ಮುಂದೆ ಕೂತು, ಮೆಟ್ಟಿಲು ಹತ್ತಬಲ್ಲೆ ಸಾರ್, ಬರೆದುಕೊಡಿ ಎಂದೆ. ಅವರು ಹಳೆಯ ಎಕ್ಸ್‌ರೇ ನೋಡಿದರು. ನನ್ನನ್ನು ನೋಡಲಿಲ್ಲ. “ಗ್ಯಾಪ್ ಅಲಾಗೇ ಉಂದಿ ಕದಾ” ಎಂದರು. ಸಂದು ಹಾಗೇ ಇದೆಯಲ್ಲ. ಒಂದು ಎಮ್‌ಆರ್‌ಐ ಮಾಡಿಸಿ ಆಮೇಲೆ ನೋಡೋಣ. ಕೊಂಡಾಪುರದವನಿಗೆ ಫೋನ್ ಮಾಡಿದರೆ, ಸೊಂಟ ಇನ್ನೂ ಪೂರ್ತಿ ಜಾಗಕ್ಕೆ ಬಂದಿಲ್ಲ, ಬಂದ ಮೇಲೂ ಜಾರದಂತೆ ಜೀವನಪೂರ್ತಿ ಬರುತ್ತಿರಬೇಕು ಎಂದ. ಇಬ್ಬರೂ ಸೇರಿ ನನ್ನನ್ನು ಆ ಕಿಟಕಿಯಿಲ್ಲದ ಕೋಣೆಗೆ ತಳ್ಳುತ್ತಿದ್ದರು. ಚಿಕಿತ್ಸೆ ಕೊಡಲು ಇದ್ದ ಧೈರ್ಯ, ಚಿಕಿತ್ಸೆ ಸಾಕು ಎಂದು ಬರೆಯಲು ಒಬ್ಬರಿಗೂ ಇರಲಿಲ್ಲ.

ಸಂಗೀತಾಳನ್ನು ಅವಳ ಊಟದ ಹೊತ್ತಿನಲ್ಲಿ ಹಿಡಿದೆ. ಡಬ್ಬಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ.

“ನನ್ನ ಸಹಿ ನಡೆಯಂಗಿಲ್ರಿ” ಎಂದಳು. “ಮ್ಯಾಲಿನವರಿಗೆ ಗೊತ್ತಾದ್ರ ನನ್ನ ಕೆಲಸಾನೂ ನಡೆಯಂಗಿಲ್ಲ.”

“ನಡೀಲಿ ಬಿಡ್ಲಿ, ಕಂಡದ್ದು ಬರೀರಿ. ನಾ ಎತ್ತಿದ್ದು, ಹತ್ತಿದ್ದು ನೀವ್ ನೋಡೀರಿ.”

“ನಾಳಿಗೆ ಅಲ್ಲಿ ಮ್ಯಾಲಿಂದ ಬಿದ್ರಿ ಅಂದ್ರ, ಬಂದು ನನ್ನ ಕೂಡ ಜಗಳಾ ತಗೀತೀರಿ?”

ಸುಳ್ಳು ಹೇಳಬಹುದಿತ್ತು. ಆದರೆ ನನ್ನನ್ನು ನಾನು ಬಲ್ಲೆ. “ತಗದ್ರ ತಗೀಬಹುದ್ರಿ” ಎಂದೆ.

ಅವಳಿಗೆ ನಗು ಬಂತು. ರೊಟ್ಟಿಯ ಕೈ ತೊಳೆದು ಬಂದು, ನಾನು ಕಂಡಂತೆ ಇವರು ಭಾರ ಎತ್ತುತ್ತಾರೆ, ಮೂರು ಮಹಡಿ ಹತ್ತಿ ಇಳಿಯುತ್ತಾರೆ, ಕೆಲಸಕ್ಕೆ ಅಡ್ಡಿಯಿಲ್ಲ ಎಂದು ಬರೆದು ಸಹಿ ಮಾಡಿದಳು. ಸಹಿಗೂ ಮೊದಲು ಪೆನ್ನು ಸ್ವಲ್ಪ ಹೊತ್ತು ಕಾಗದದ ಮೇಲೆ ನಿಂತಿತ್ತು. ಅಷ್ಟು ಹೊತ್ತು ಅವಳ ಮೇಲಿದ್ದ ನನ್ನ ತಿರಸ್ಕಾರ ಎಲ್ಲೋ ಬಾಗಿಲಾಚೆ ನಿಂತುಕೊಂಡಿತ್ತು.

ಕಾರ್ಖಾನೆಯ ಡಾಕ್ಟರು, ವಾರಕ್ಕೆರಡು ಸಲ ಬರುವ ಮುದುಕರು, ಕಾಗದವನ್ನು ಎರಡೂ ಕಡೆ ತಿರುಗಿಸಿ ನೋಡಿದರು. ಇದು ಡಾಕ್ಟರ ಸಹಿಯಲ್ಲ ಎಂದರು. ಆಮೇಲೆ ತಾವೂ ಸಹಿ ಮಾಡುವ ಸಂಕಟದಲ್ಲಿ ಕನ್ನಡಕ ಒರೆಸಿ, ಒರೆಸಿ, “ಎಕ್ಕಿ ಚೂಪಿಂಚಂಡಿ” ಎಂದರು. ಹತ್ತಿ ತೋರಿಸಿ.

ಮೆಟ್ಟಿಲ ಕೆಳಗೆ ಅವರು ನಿಂತರು, ಮ್ಯಾನೇಜರು ನಿಂತರು. ನಾನು ಹತ್ತಿದೆ. ಅರ್ಧಕ್ಕೆ ಬಂದಾಗ ಸೊಂಟದ ಎಡಗಡೆ ಹಳೆಯ ಜಾಗದಲ್ಲಿ ಚಳುಕು ಹೊಡೆಯಿತು. ಕೈ ಕಂಬಿಯನ್ನು ಬಿಗಿಯಾಗಿ ಹಿಡಿಯಿತು. ಈಗ ನಿಂತರೆ ಕೆಳಗಿನವರಿಗೆ ಅದೇ ಉತ್ತರ. ನೋವನ್ನು ಕರೆದುಕೊಂಡೇ ಉಳಿದರ್ಧ ಹತ್ತಿದೆ. ಮೇಲೆ ಹಂಡೆಯ ಪಕ್ಕ ನಿಂತವನು ನನ್ನನ್ನು ಕಂಡು ಮುಖ ಸಣ್ಣದು ಮಾಡಿದ. ಯಾರೂ ನನ್ನನ್ನು ಅಷ್ಟು ಚೆನ್ನಾಗಿ ಸ್ವಾಗತಿಸಿದ್ದಿಲ್ಲ. ಮುದುಕರು ಸಹಿ ಮಾಡಿದರು.

ಕೆಲವು ದಿನಗಳಾದ ಮೇಲೆ ಪೇಢೆ ತೆಗೆದುಕೊಂಡು ತಾರ್ನಾಕದ ಆ ಕಟ್ಟಡಕ್ಕೆ ಹೋದೆ. ಸಂಗೀತಾ ಹೊಸ ರೋಗಿಯೊಬ್ಬರ ಜೊತೆ ಹೆಣಗುತ್ತಿದ್ದಳು. ಕಲಬುರಗಿಯ ಕಡೆಯ ಬಟ್ಟೆ ವ್ಯಾಪಾರಿ. ನನ್ನದೇ ವಯಸ್ಸು, ನನ್ನದೇ ಪಟ್ಟಿ. ಅವರಿಗೆ ಅಡ್ಡಾಡಲು ಹೇಳುತ್ತಿದ್ದಳು, ಅವರು ಮಷೀನಿನ ಕಡೆ ನೋಡುತ್ತಿದ್ದರು. ನನ್ನನ್ನು ಕಂಡವಳೇ, “ಇವರನ್ನ ಕೇಳ್ರಿ ಬೇಕಾದ್ರ. ಇವರಿಗೂ ನಿಮ್ಮಂಗ ಇತ್ತು” ಎಂದಳು.

ವ್ಯಾಪಾರಿ ನನ್ನ ಕಡೆ ತಿರುಗಿದರು. “ಹೌದೇನ್ರಿ? ಈಗ ಹ್ಯಾಂಗೈತಿ?”

“ಭಾಳ ಚಲೋ ಐತ್ರಿ. ಕೆಲಸಕ್ಕ ಹೊಂಟೀನಿ. ಮೆಟ್ಲ ಹತ್ತತೀನಿ.”

“ಯಾವ ಮಷೀನ್‌ಗೆ ಕಮ್ಮಿ ಆತ್ರಿ?”

“ಯಾವುದಕ್ಕೂ ಇಲ್ರಿ. ಕಬ್ಬಿಣ ಎತ್ತಿದ್ನಿ, ಅಡ್ಡಾಡಿದ್ನಿ. ಅಷ್ಟ.”

ಅವರು ಯೋಚಿಸಿದರು. ವ್ಯಾಪಾರದ ಮನುಷ್ಯ, ಸುಲಭಕ್ಕೆ ಬಿಡುವವರಲ್ಲ. “ಅಂದ್ರ, ಮಷೀನ್ ನಿಮಗ ಹಾಕಲೇ ಇಲ್ಲೇನು?”

ಇಲ್ಲ ಎಂದು ಹೇಳಲಾಗಲಿಲ್ಲ. “ಹಾಕಿದ್ರು ಖರೆ. ಮೊದಲ ಭಾಳ ವಾರ ಹಾಕಿದ್ರು.”

“ಹಾಂ” ಎಂದು ಅವರು ಸಮಾಧಾನದಿಂದ ಅಂಗಿಯ ಗುಂಡಿ ಬಿಚ್ಚತೊಡಗಿದರು. “ಹಂಗ ಹೇಳ್ರಿ ಮತ್ತ. ಅದರ ಗುಣಾ ಆಮ್ಯಾಲ ಹತ್ತೇತಿ.”

ಸಂಗೀತಾ ನನ್ನ ಕಡೆ ನೋಡಲಿಲ್ಲ. ಗಾಲಿಯ ಮೇಲಿನ ಮಷೀನನ್ನು ಎಳೆದುಕೊಂಡು ಬಂದು, ಬಿಲ್ಲೆಗಳನ್ನು ಒದ್ದೆ ಮಾಡಿ, ಒಂದೊಂದಾಗಿ ಅವರ ಬೆನ್ನಿಗೆ ಒತ್ತಿದಳು. ಇರುವೆ ಹರಿದ ಹಾಗಾಗುತ್ತದೆ, ಹೆದರಬೇಡಿ ಎಂದಳು. ನಾನು ಪೇಢೆಯ ಡಬ್ಬಿಯನ್ನು ಕುರ್ಚಿಯ ಮೇಲಿಟ್ಟು ಹೊರಗೆ ಬಂದೆ. ಎಂಥ ಮೂರ್ಖ ಮನುಷ್ಯ ಎಂದು ಆ ವ್ಯಾಪಾರಿಯನ್ನು ಬೈದುಕೊಳ್ಳುತ್ತ ಮನೆಯ ಕಡೆ ನಡೆದೆ. ವಿಶ್ವವಿದ್ಯಾಲಯದ ಗೋಡೆಯ ಪಕ್ಕ, ಬಿಸಿಲಿನಲ್ಲಿ, ಸೊಂಟ ಹಿಡಿಯದೆ, ಚೆನ್ನಾಗಿಯೇ ನಡೆಯುತ್ತಿದ್ದೆ. ಅರ್ಧ ದಾರಿಯಲ್ಲಿ, ಯಾರೂ ಕೇಳದಿದ್ದರೂ, ಅವರು ಹೇಳಿದ್ದರಲ್ಲೂ ಏನೋ ಇರಬಹುದೇ ಎಂದು ನನಗೇ ಅನಿಸತೊಡಗಿತು.